ಸಂಕ್ರಾಂತಿವರೆಗೆ ಸಾಕು

ಆಗಸ್ಟ್ ಮೊದಲ ಭಾನುವಾರ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ಭಾವನ ತೋಟದ ಶೆಡ್. ಟ್ರೈಲರ್ ಮೇಲೆ ನಿಂತಿದ್ದ ಬೋಟಿನೊಳಗೆ ಎರಡೂ ಕೈಯಲ್ಲಿ ಬ್ಯಾಟರಿ ಹಿಡಿದು ಹತ್ತಿದೆ. ಡ್ರೈವರ್ ಸೀಟಿನ ಹಿಂದೆ ಬಲಗಾಲು ಇಟ್ಟೆ. ದೊಡ್ಡ ಸದ್ದೇನೂ ಆಗಲಿಲ್ಲ. ಚರಕ್ ಅಂತ ಮೇಲಿನ ಫೈಬರ್ ಪದರ ಹರಿಯಿತು, ಕಾಲು ಸೀದಾ ಒಳಗೆ ಇಳಿಯಿತು. ಗದ್ದೆ ಕೆಸರಿಗೆ ಇಳಿದ ಹಾಗೆ, ತಣ್ಣಗೆ. ಬ್ಯಾಟರಿ ಮಾತ್ರ ಕೈ ಬಿಡಲಿಲ್ಲ. ಬಿಟ್ಟಿದ್ದರೆ ಬೋಟಿನ ತಳವೂ ಹೋಗುತ್ತಿತ್ತೇನೋ.

“ಏನಾಯ್ತು?” ಅಂತ ಹೊರಗಿಂದ ಭಾವ.

“ನೆಲ ಹೋಯ್ತು ಭಾವ.”

“ಎಲ್ಲಿಗೆ?”

ಇದು 16 ಅಡಿಯ ಹಳೇ ಸ್ಕೀ ಬೋಟು. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವವರನ್ನು ಹಗ್ಗದಲ್ಲಿ ಎಳೆಯೋಕೆ ಅಂತಲೇ ಮಾಡಿದ್ದು. ನಡುವೆ ಹಗ್ಗ ಕಟ್ಟುವ ಸ್ಟೀಲ್ ಕಂಬ, ಹಿಂದೆ 90 ಎಚ್‌ಪಿ ಎಂಜಿನ್. ವಯಸ್ಸು 30 ದಾಟಿದೆ. ಗೋವಾದಲ್ಲಿ ಯಾರೋ ಮಾರುತ್ತಿದ್ದಾರೆ ಅಂತ ಗೊತ್ತಾಗಿ, ಭಾವ ಲಾರಿಯಲ್ಲಿ ಹಾಕಿಸಿಕೊಂಡು ಬಂದು ನಾಲ್ಕು ವರ್ಷ ಆಯಿತು. ಅಕ್ಕ ಅದನ್ನು ಇವತ್ತಿಗೂ “ನಿಮ್ಮ ಎರಡನೇ ಸಂಸಾರ” ಅಂತಲೇ ಕರೆಯುತ್ತಾಳೆ.

ಗಣೇಶನ ಹಬ್ಬಕ್ಕೆ ಇನ್ನು ಕೆಲವೇ ವಾರ ಇತ್ತು. ಕನ್ನಂಬಾಡಿ ಕಟ್ಟೆ ತುಂಬಿತ್ತು. 124.80 ಅಡಿ ಅಂದರೆ ಕಟ್ಟೆಯ ಪೂರ್ತಿ ಮಟ್ಟ. ಹಿನ್ನೀರು ಅಷ್ಟು ಚೆನ್ನಾಗಿ ನಿಂತಿರುವಾಗ ಭಾವನನ್ನು ದಡದಲ್ಲಿ ಕೂರಿಸೋದು ಕಷ್ಟ. ಬೋಟು ಇಳಿಸೋಕೆ ಬೇಕಾದ ಅನುಮತಿಗೆ ಆಗಲೇ ಓಡಾಡಿ ಮುಗಿಸಿದ್ದರು. ಸರಿಯಾಗಿ ರಿಪೇರಿ ಮಾಡೋದು ಅಂದರೆ ಇಡೀ ನೆಲ ಕಿತ್ತು, ಒಳಗಿನ ಮರ ಬದಲಾಯಿಸಿ, ಮತ್ತೆ ಫೈಬರ್ ಹೊದಿಸಬೇಕು. ಮಳೆಗಾಲದಲ್ಲಿ ಅದು ಆಗದ ಮಾತು. ಗಾಳಿಯಲ್ಲಿ ಅಷ್ಟು ತೇವ ಇದ್ದರೆ ಮರ ಒಣಗಲ್ಲ, ಫೈಬರ್‌ಗೆ ಬಳಿಯುವ ಅಂಟು, ಅಂದರೆ ರೆಸಿನ್, ಸರಿಯಾಗಿ ಕೂರಲ್ಲ. ಹಾಗಾಗಿ ಮಾತಾಯಿತು: ದೊಡ್ಡ ಕೆಲಸ ಸಂಕ್ರಾಂತಿ ಆದ ಮೇಲೆ. ಅಲ್ಲಿವರೆಗೆ ನಡೆಯೋ ಹಾಗೆ ಒಂದು ನೆಲ ನಾನು ಮಾಡಿಕೊಡಬೇಕು.

ಭಾವನ ಐಡಿಯಾ ಸುಲಭದ್ದು. “ಮೇಲೊಂದು ಚೆಕ್ಕರ್ ಪ್ಲೇಟ್ ಹೊಡೆದುಬಿಡು ಕಣಯ್ಯ, ಬಸ್ಸಿನ ನೆಲದ ಥರ.”

ಆಗಲ್ಲ ಅಂದೆ. ಒಳಗೆ ಕೊಳೆತಿದ್ದು ಕೊಳೆಯುತ್ತಲೇ ಇರುತ್ತದೆ, ನಮಗೆ ಕಾಣಲ್ಲ ಅಷ್ಟೇ. ಕೀವು ಇರುವಾಗಲೇ ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ. ಹೊಸ ಪ್ಲೈವುಡ್ ಇಟ್ಟು ಅದರ ಮೇಲೆ ಫೈಬರ್ ಬಳಿದು ಮುಗಿಸುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ನೋಡೋಕೆ ಹೊಸ ಬೋಟು, ಒಳಗೆ ನೀರಿನ ತೊಟ್ಟಿ. ನಾನು ಹಾಕಿದ ಷರತ್ತು ಎರಡೇ. ಈಗ ಹಾಕುವ ನೆಲ ಒಂದು ಸ್ಕ್ರೂಡ್ರೈವರ್‌ನಲ್ಲಿ ಅರ್ಧ ಗಂಟೆಯಲ್ಲಿ ಬಿಚ್ಚಿ ಬರಬೇಕು. ಮತ್ತೆ ಸಂಕ್ರಾಂತಿವರೆಗೆ ಸ್ಕೀ ಇಲ್ಲ, ಜೋರು ಓಟ ಇಲ್ಲ, ಇಬ್ಬರಿಗಿಂತ ಜಾಸ್ತಿ ಜನ ಇಲ್ಲ.

ಎರಡನೆಯದಕ್ಕೆ ಭಾವನ ಮುಖ ನೋಡಬೇಕಿತ್ತು.

ಇಂಥ ಬೋಟು ಹೊರಗಿಂದ ಫೈಬರ್, ಒಳಗೆ ಮರ. ತಳದ ಮೇಲೆ ಉದ್ದಕ್ಕೂ ಮರದ ಪಟ್ಟಿಗಳು, ಹಳೇ ಮನೆಗೆ ತೊಲೆ ಇದ್ದ ಹಾಗೆ. ಇವಕ್ಕೆ ಸ್ಟ್ರಿಂಗರ್ ಅಂತಾರೆ. ಅದರ ಮೇಲೆ 12 ಮಿ.ಮೀ. ಪ್ಲೈವುಡ್ ನೆಲ. ಎಲ್ಲದಕ್ಕೂ ತೆಳ್ಳಗೆ ಫೈಬರ್ ಹೊದಿಕೆ. ನೆಲಕ್ಕೂ ತಳಕ್ಕೂ ನಡುವಿನ ಜಾಗದಲ್ಲಿ ಫೋಮ್ ತುಂಬಿರುತ್ತಾರೆ, ಬೋಟು ಮಗುಚಿದರೂ ಪೂರ್ತಿ ಮುಳುಗದಿರಲಿ ಅಂತ. ಹೊದಿಕೆ ಗಟ್ಟಿ ಇರುವವರೆಗೆ ಒಳಗಿನ ಮರಕ್ಕೆ ಏನೂ ಆಗಲ್ಲ. ತೇವ 20 ಶೇಕಡಾ ಒಳಗಿದ್ದರೆ ಮರ ಕೊಳೆಸುವ ಬೂಷ್ಟು ಬೆಳೆಯೋದೇ ಇಲ್ಲ. ಆದರೆ ಒಂದು ಸ್ಕ್ರೂ ತೂತಿನ ಸೀಲ್ ಹೋದರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇರಲ್ಲ.

ತಮಾಷೆ ಅಂದರೆ, ಗೋವಾದ ಸಮುದ್ರ ಈ ಬೋಟಿಗೆ ಇಷ್ಟು ಹಾಳು ಮಾಡಿರಲಿಲ್ಲ. ಉಪ್ಪು ಬೂಷ್ಟನ್ನು ಒಂದಿಷ್ಟು ತಡೆಯುತ್ತದೆ. ಮರಕ್ಕೆ ಜಾಸ್ತಿ ಕೆಟ್ಟದ್ದು ಮಳೆನೀರು. ನಮ್ಮ ಶೆಡ್ಡಿನ ತಗಡಿನಲ್ಲಿ ಒಂದು ತೂತಿತ್ತು. ಬೋಟಿನ ಮೇಲೆ ಹೊದಿಸಿದ್ದ ಟಾರ್ಪಾಲಿನಲ್ಲಿ ಇನ್ನೊಂದು. ನಾಲ್ಕು ಮಳೆಗಾಲ ಆ ಎರಡು ತೂತು ಒಂದರ ಕೆಳಗೊಂದು ಕೂತಿದ್ದವು.

ಸುತ್ತಿಗೆಯ ಹಿಡಿ ತಿರುಗಿಸಿ ಹಿಡಿದು ನೆಲವನ್ನೆಲ್ಲ ತಟ್ಟುತ್ತಾ ಹೋದೆ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಒಳ್ಳೆ ಮರ ಠಕ್ ಅನ್ನುತ್ತದೆ, ಕೈಗೆ ಎದುರೇಟು ಕೊಡುತ್ತದೆ. ಕೊಳೆತದ್ದು ಡಬ್ ಅಂತ ಸುಮ್ಮನಾಗುತ್ತದೆ. ಸದ್ದು ಬದಲಾದ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಗೆರೆ ಕೂಡಿದಾಗ ಮೂರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ ಆಯಿತು. ಅದರ ನಟ್ಟನಡುವೆ ಸ್ಕೀ ಕಂಬ. ಕಂಬದ ಬುಡಕ್ಕೆ ಆರು ಸ್ಕ್ರೂ ಹೊಡೆದಿದ್ದರು. ಐದನ್ನು ಬೆರಳಲ್ಲೇ ಎತ್ತಿದೆ. ಆರನೆಯದರ ಜಾಗದಲ್ಲಿ ತುಕ್ಕಿನ ಪುಡಿ ಇತ್ತು. ಹಗ್ಗಕ್ಕೆ ಜೋತುಬಿದ್ದ ಒಬ್ಬ ಮನುಷ್ಯನನ್ನು ಆ ಕಂಬ ಎಳೆಯಬೇಕಿತ್ತು, ಯೋಚನೆ ಮಾಡಿ.

ಕತ್ತರಿಸುವ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ತೋಟದ ಆ ತುದಿಗೆ ಸಾಗಿಸಿದೆ. ಶೆಡ್ಡಿನ ಬಾಗಿಲು ಒಂದು ರಾತ್ರಿ ಪೂರ್ತಿ ತೆರೆದಿಟ್ಟೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಮಲಗಿರುತ್ತದೆ. ಕರೆಂಟ್ ಗರಗಸದ ಒಂದು ಕಿಡಿ ಸಾಕು.

ಗರಗಸದ ಹಲ್ಲು 15 ಮಿ.ಮೀ.ಗಿಂತ ಕೆಳಗೆ ಇಳಿಯದ ಹಾಗೆ ಕಟ್ಟಿ, ಗೆರೆಯಿಂದ ನಾಲ್ಕು ಇಂಚು ಆಚೆ ಕೊಯ್ದೆ. ಅಲ್ಲೂ ಅಂಚು ಕಪ್ಪಗಿದ್ದರೆ ಇನ್ನೆರಡು ಇಂಚು. ಬಿಳಿ ಮರ ಕಾಣುವವರೆಗೆ ನಿಲ್ಲಿಸಬಾರದು. ಮಾಸ್ಕ್, ಕನ್ನಡಕ ಹಾಕಿದ್ದೆ. ತುಂಬು ತೋಳಿನ ಅಂಗಿ ಮಾತ್ರ ಸೆಕೆ ಅಂತ ಬಿಚ್ಚಿದ್ದೆ. ಫೈಬರ್ ಪುಡಿ ಮೈಗೆ ಹತ್ತಿದರೆ ನಸುಗುನ್ನಿ ಕಾಯಿ ತಾಕಿದ ಹಾಗೆ. ಉಜ್ಜಿದರೆ ಇನ್ನೂ ಒಳಗೆ ಇಳಿಯುತ್ತದೆ. ಅಂಟು ಟೇಪ್ ಒತ್ತಿ ಒತ್ತಿ ಕಿತ್ತು, ಆಮೇಲೆ ತಣ್ಣೀರು ಸುರಿದುಕೊಳ್ಳಬೇಕು. ಬಿಸಿನೀರು ಬೇಡ. ನಾನು ಬಿಸಿನೀರು ಸ್ನಾನ ಮಾಡಿ ಆ ರಾತ್ರಿ ಜಾಗರಣೆ ಮಾಡಿದೆ.

ನೆಲದ ತುಂಡು ಎತ್ತಿದಾಗ ಬಂದ ವಾಸನೆ ಹಳೇ ತಿಪ್ಪೆಯದು. ಪ್ಲೈವುಡ್ ನೆನೆದ ರಟ್ಟಿನ ಥರ ಪದರ ಪದರವಾಗಿ ಕೈಗೆ ಬಂತು. ಫೋಮ್ ಅನ್ನು ಹಿಂಡಿದರೆ ಹಾಲಿನಲ್ಲಿ ಅದ್ದಿದ ಬನ್ನಿನ ಹಾಗೆ ನೀರು ಸುರಿಯುತ್ತಿತ್ತು. ಮೂರು ಗೋಣಿ ಚೀಲ ತುಂಬಿತು. ಭತ್ತ ತೂಗುವ ತಕ್ಕಡಿ ಅಲ್ಲೇ ಇತ್ತಲ್ಲ, ಸುಮ್ನೆ ಇಟ್ಟು ನೋಡಿದೆ: 41 ಕೆ.ಜಿ. ಒಣ ಫೋಮ್ ಆಗಿದ್ದರೆ ಮೂರು ಕೆ.ಜಿ.ಯೂ ತೂಗುತ್ತಿರಲಿಲ್ಲ. ಬೋಟನ್ನು ತೇಲಿಸಬೇಕಾದ್ದೇ ಅದನ್ನು ಕೆಳಗೆ ಜಗ್ಗುತ್ತಿತ್ತು. “ಹೋದ ವರ್ಷ ಎಂಜಿನ್ ಎಳೀತಿಲ್ಲ, ಎಳೀತಿಲ್ಲ ಅಂತಿದ್ದೆ ನೋಡು” ಅಂದರು ಭಾವ.

ಇನ್ನು ಸ್ಟ್ರಿಂಗರ್. ಇದು ಹೋಗಿದ್ದರೆ ತಾತ್ಕಾಲಿಕ ಅನ್ನೋ ಮಾತೇ ಇಲ್ಲ, ಬೋಟು ನೀರಿಗೆ ಇಳಿಯಬಾರದು. ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಆಮೇಲೆ ಅರ್ಧರ್ಧ ಅಡಿಗೆ ಒಂದರಂತೆ ಪಕ್ಕದಿಂದ 5 ಮಿ.ಮೀ. ತೂತು ಕೊರೆದು, ಬಂದ ಪುಡಿಯನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆ. ಒಣಗಿದ, ತಿಳಿ ಬಣ್ಣದ ಪುಡಿ ಬಂದರೆ ಸರಿ. ಕಾಫಿ ಚರಟದ ಥರ ಬಂದರೆ ಹೋಯಿತು. ನಾಲ್ಕು ಸ್ಟ್ರಿಂಗರ್‌ಗಳಲ್ಲಿ ಮೂರು ಗಟ್ಟಿ. ಒಂದರಲ್ಲಿ, ಕಂಬದ ಪಕ್ಕಕ್ಕೇ, ಒಂದಡಿ ಉದ್ದ ಚರಟ ಬಂತು. ಎಂಜಿನ್ ಕೂರುವ ಹಿಂಭಾಗದ ಹಲಗೆಯನ್ನೂ ಹೀಗೇ ಕೊರೆದು ನೋಡಿದೆ, ಅದು ಪುಣ್ಯಕ್ಕೆ ಒಣಗಿತ್ತು. ಪರೀಕ್ಷೆಯ ತೂತುಗಳನ್ನೆಲ್ಲ ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ರೆಸಿನ್) ಪುಟ್ಟಿಯಿಂದ ಮುಚ್ಚಿದೆ. ಇದನ್ನು ಮರೆತರೆ ನಾವೇ ಹೊಸ ದಾರಿ ಮಾಡಿಕೊಟ್ಟ ಹಾಗೆ.

ಆಮೇಲೆ ಒಂಬತ್ತು ದಿನ ಒಣಗಿಸೋದು ಬಿಟ್ಟು ಬೇರೆ ಕೆಲಸ ಇಲ್ಲ. ಹಗಲೂ ರಾತ್ರಿ ಟೇಬಲ್ ಫ್ಯಾನ್. ಹೊರಗೆ ಜಿಟಿಜಿಟಿ ಮಳೆ. ತಗಡಿನ ತೂತು ಮುಚ್ಚಿದ್ದು ಇದೇ ಹೊತ್ತಿನಲ್ಲಿ, ನಾಚಿಕೆಯ ವಿಷಯ.

ಆ ಒಂಬತ್ತು ದಿನದಲ್ಲಿ ಪ್ಲೈವುಡ್ ಕಥೆ ನಡೆಯಿತು. ಮೈಸೂರಿನ ಒಂದು ಅಂಗಡಿಯಲ್ಲಿ “ಮರೀನ್ ಪ್ಲೈ ಸಾರ್, ಕಣ್ಣು ಮುಚ್ಚಿ ತಗೊಳಿ” ಅಂದರು. ಕಣ್ಣು ತೆರೆದೇ ತಗೊಂಡೆ, ಆದರೂ ಮೋಸ ಹೋದೆ. ಮರೀನ್ ಪ್ಲೈಗೆ ನಮ್ಮಲ್ಲಿ ಐಎಸ್ 710 ಅನ್ನೋ ಗುರುತು ಇರಬೇಕು. ಆ ಮಾನದಂಡದ ಪ್ರಕಾರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಪದರ ಬಿಡಬಾರದು. ಅಕ್ಕನ ಮನೆಯಲ್ಲಿ ಇನ್ನೂ ಸೌದೆ ಒಲೆಯ ಹಂಡೆ ಇದೆ. ಮೂಲೆಯ ತುಂಡೊಂದನ್ನು ಕೊಯ್ದು, ತಂತಿ ಕಟ್ಟಿ, ಬೆಳಿಗ್ಗೆ ಸ್ನಾನದ ಹಂಡೆಯೊಳಗೆ ಇಳಿಬಿಟ್ಟೆ. 72 ಗಂಟೆ ಬೇಕಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ತುಂಡು ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು. ಅಕ್ಕ ಹಂಡೆ ನೋಡಿ ನನಗೆ ಅಂದ ಮಾತು ಇಲ್ಲಿ ಬೇಡ. ಅಂಗಡಿಯವರು ಹಾಳೆ ವಾಪಸ್ ತಗೊಳ್ಳಲಿಲ್ಲ. ಅದು ಈಗ ಕೋಳಿ ಗೂಡಿನ ಬಾಗಿಲು. ಇನ್ನೊಂದು ಕಡೆ ತಂದ ಹಾಳೆಯ ಮೇಲೆ ಗುರುತೂ ಇತ್ತು, ತುಂಡು ಎರಡು ದಿನ ಕುದಿದು ಹಾಗೇ ಹೊರಗೆ ಬಂತು. 3,900 ರೂಪಾಯಿ. ಎರಡು ದಿನ ಯಾರೂ ಹಂಡೆ ನೀರು ಮುಟ್ಟಲಿಲ್ಲ.

ಶೆಡ್ಡಿಗೆ ಬಂದು ಇಣುಕುವವರು ದಿನಕ್ಕೆ ಹತ್ತು ಜನ. ಅವರಲ್ಲಿ ಒಬ್ಬರು ಹೊಳೆಯಲ್ಲಿ ಹರಿಗೋಲು ಹಾಕುವ ತಾತ. ಬಿದಿರು ಹೆಣೆದು, ಪ್ಲಾಸ್ಟಿಕ್ ಶೀಟು ಹೊದಿಸಿ, ಡಾಂಬರು ಬಳಿಯೋದರಲ್ಲಿ ಜೀವನ ಸವೆಸಿದ ಮನುಷ್ಯ. ಬಹಳ ಹೊತ್ತು ನೋಡಿ, ಸ್ಟ್ರಿಂಗರ್ ಸಾಲಿನ ನಡುವೆ ಬೆರಳು ಆಡಿಸಿ ಕೇಳಿದರು:

“ನೀರು ಒಳಿಕ್ಕೆ ಬರದಂಗೆ ಮಾಡೋದು ಅಂಗಿರ್ಲಿ ಸ್ವಾಮಿ. ಬಂದ್ ನೀರು ಆಚೀಕ್ಕೆ ಓಗಾಕೆ ದಾರಿ ಎಲ್ಲೈತೆ?”

ನೋಡಿದರೆ ಇತ್ತು. ಸ್ಟ್ರಿಂಗರ್‌ಗಳ ಬುಡದಲ್ಲಿ ನೀರು ಹಿಂದಕ್ಕೆ ಹರಿಯಲಿ ಅಂತ ಮಾಡಿದ್ದ ಸಣ್ಣ ಕಿಂಡಿಗಳು. ಫೋಮ್ ತುಂಬುವಾಗ ಎಲ್ಲ ಮುಚ್ಚಿಹೋಗಿದ್ದವು. ಮೂವತ್ತು ವರ್ಷದಿಂದ ಈ ಬೋಟು ಮೂತ್ರ ಕಟ್ಟಿಕೊಂಡು ಕೂತಿತ್ತು ಅಂತಾಯಿತು. ಕಡ್ಡಿ ಹಾಕಿ ಒಂದೊಂದನ್ನೇ ಬಿಡಿಸಿದೆ, ಕಿಂಡಿಯ ಸುತ್ತ ಎಪಾಕ್ಸಿ ಬಳಿದೆ. ಮುಂದೆ ಒಂದು ಚೊಂಬು ನೀರು ಸುರಿದರೆ ಹಿಂದಿನ ಡ್ರೈನ್ ತೂತಿನಲ್ಲಿ ಅಷ್ಟೂ ಬರಬೇಕು. ಮೂರನೇ ಚೊಂಬಿಗೆ ಬಂತು.

ಮೆತ್ತಗಾಗಿದ್ದ ಸ್ಟ್ರಿಂಗರ್ ಪಕ್ಕಕ್ಕೆ ಮೂರಡಿ ಉದ್ದದ ಹೊನ್ನೆ ರೀಪರ್ ಜೋಡಿಸಿದೆ. ಒಂದಡಿ ಕೆಟ್ಟ ಜಾಗ, ಅದರ ಆಚೀಚೆ ಒಂದೊಂದಡಿ ಒಳ್ಳೆ ಮರಕ್ಕೆ ಹಿಡಿತ. ಒಳ್ಳೆ ಮರ ಇರುವ ಕಡೆ ಮಾತ್ರ ಬೋಲ್ಟ್, ದೊಡ್ಡ ವಾಷರ್ ಹಾಕಿ. ಅಂಟು ಹಾಕಲಿಲ್ಲ. ಸಂಕ್ರಾಂತಿಗೆ ಇದನ್ನೂ ಕೀಳಬೇಕಲ್ಲ. ಹಳೇ ನೆಲದ ಅಂಚಿನ ಕೆಳಗೂ ಸುತ್ತಲೂ 25 ಮಿ.ಮೀ. ರೀಪರ್ ಕೊಟ್ಟೆ. ಹೊಸ ತುಂಡು ಕೂರೋಕೆ ಒಂದು ಮೆಟ್ಟಿಲು ಬೇಕು, ಗಾಳಿಯಲ್ಲಿ ನಿಲ್ಲಲ್ಲ.

ರಟ್ಟಿನಲ್ಲಿ ಅಳತೆ ತೆಗೆದು ಪ್ಲೈ ಕೊಯ್ದೆ. ಸುತ್ತ 3 ಮಿ.ಮೀ. ಸಂದು ಬಿಟ್ಟೆ. ಈಗ ರೆಸಿನ್. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಅಗ್ಗ, ಅದನ್ನೇ ಕೊಡೋಕೆ ಬಂದರು. ಫೈಬರ್ ಮೇಲೆ ಫೈಬರ್ ಹಾಕೋಕೆ ಅದು ಸರಿ. ಬರೀ ಮರಕ್ಕೆ ಅದರ ಹಿಡಿತ ಕಡಿಮೆ, ಎಪಾಕ್ಸಿಯೇ ಮೇಲು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗೋಕೆ ಅಂತ ಜೊತೆಗೆ ಬರುವ ಎರಡು ಸಣ್ಣ ಬಾಟಲ್‌ಗಳ ಬಗ್ಗೆಯೂ ಒಂದು ಮಾತು: ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಅನ್ನು ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಇನ್ನೊಂದು.

ಇಷ್ಟು ಗೊತ್ತಿದ್ದ ನಾನು ಎಪಾಕ್ಸಿಯಲ್ಲಿ ಎಡವಿದೆ. ಅರ್ಧ ಕೆ.ಜಿ. ಒಟ್ಟಿಗೆ ಸ್ನಾನದ ಮಗ್ಗಿನಲ್ಲಿ ಕಲಸಿಟ್ಟು, ಬ್ರಷ್ ಹುಡುಕೋಕೆ ಹೋದೆ. ಬರುವಷ್ಟರಲ್ಲಿ ಮಗ್ಗಿನಿಂದ ಹೊಗೆ. ಮುಟ್ಟಿದರೆ ಕೈ ಸುಡುತ್ತಿತ್ತು. ಆಳವಾದ ಪಾತ್ರೆಯಲ್ಲಿ ಗುಡ್ಡೆ ಇದ್ದರೆ ಅದರ ಶಾಖ ಅದಕ್ಕೇ ಏರಿ, ಇನ್ನೂ ಬೇಗ ಗಟ್ಟಿಯಾಗುತ್ತದೆ. ಅಗಲ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪ ಕಲಸಬೇಕು. ಮಗ್ಗು ಸೊಟ್ಟಗಾಗಿ ಗಟ್ಟಿಯಾಯಿತು, ಈಗ ಬಾಗಿಲಿಗೆ ಅಡ್ಡ ಇಡೋಕೆ ಚೆನ್ನಾಗಿದೆ. ಅಕ್ಕನ ಲೆಕ್ಕದಲ್ಲಿ ಇದು ಹಂಡೆಯಾದ ಮೇಲೆ ಎರಡನೇ ಅಪರಾಧ.

ಮುಂದಿನ ಸಲ ತಟ್ಟೆಯಲ್ಲಿ ಕಲಸಿ, ಪ್ಲೈನ ಎರಡೂ ಮುಖಕ್ಕೆ ಮೂರು ಕೋಟ್. ಅಂಚಿಗೆ ಐದು. ಪ್ಲೈ ನೀರು ಕುಡಿಯೋದು ಅಂಚಿನಿಂದ. ಸ್ಕ್ರೂ ತೂತುಗಳನ್ನು ಮೊದಲೇ ಕೊರೆದು, ಇಯರ್ ಬಡ್ಸ್ ಕಡ್ಡಿಯಿಂದ ಒಳಗೂ ಬಳಿದೆ. ಹಳೇ ನೆಲದ ಕೊಯ್ದ ಅಂಚಿಗೂ ಅಷ್ಟೇ. ಉಗುರಿಗೆ ಹತ್ತಿದ ಎಪಾಕ್ಸಿ ಹತ್ತು ದಿನ ಹೋಗಲಿಲ್ಲ. ವೋಟಿಗೆ ಹಾಕುವ ಶಾಯಿ ನಮ್ಮ ಮೈಸೂರಿನ ಬನ್ನಿಮಂಟಪದಲ್ಲೇ ಮಾಡ್ತಾರಲ್ಲ, ಅದರ ಬದಲು ಇದನ್ನೇ ಹಚ್ಚಬಹುದು.

ತೆಗೆದ ಫೋಮ್ ಜಾಗಕ್ಕೆ ಏನು? ಖಾಲಿ ಬಿಟ್ಟರೆ ತೇಲುವ ಶಕ್ತಿ ಕಡಿಮೆ. ಹೊಸ ಫೋಮ್ ಸುರಿದರೆ ಮತ್ತೆ ಕಿಂಡಿ ಮುಚ್ಚುತ್ತದೆ. ಛತ್ರವೊಂದರಿಂದ ಎರಡು ಲೀಟರ್‌ನ ಖಾಲಿ ಸೋಡಾ ಬಾಟಲ್ 24 ತಂದೆ. ಮುಚ್ಚಳ ಬಿಗಿ ಮಾಡಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತಾ ಅಂತ ನೋಡಿ, ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ, ಕಿಂಡಿಗೆ ಅಡ್ಡ ಬರದ ಹಾಗೆ ಕೂರಿಸಿದೆ. ಒಂದು ಲೀಟರ್ ಗಾಳಿ ನೀರೊಳಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಎತ್ತುತ್ತದೆ. ಹಾಗೆ 48 ಕೆ.ಜಿ. ಲೆಕ್ಕ ಆಯಿತು. ಚೆಂದ ಇಲ್ಲ, ಕೆಲಸ ಮಾಡುತ್ತದೆ.

ನೆಲ ಕೂರಿಸೋಕೆ ರೀಪರ್ ಮೇಲೆ ಬ್ಯೂಟೈಲ್ ಟೇಪ್ ಹಾಕಿದೆ. ಮನೆ ತಗಡಿನ ಸೋರಿಕೆಗೆ ಹಾಕುತ್ತಾರಲ್ಲ, ಅದೇ. ಗಟ್ಟಿಯಾಗಲ್ಲ, ಬೇಕೆಂದಾಗ ಕಿತ್ತು ಬರುತ್ತದೆ. ಸಿಲಿಕಾನ್ ಬೇಡ. ಅದನ್ನು ಎಷ್ಟು ಕೆರೆದರೂ ಜಿಡ್ಡು ಉಳಿದು, ಮುಂದೆ ಆ ಜಾಗಕ್ಕೆ ರೆಸಿನ್ ಅಂಟಲ್ಲ. ಸ್ಕ್ರೂ ಸ್ಟೇನ್‌ಲೆಸ್, 30 ಮಿ.ಮೀ. ಪ್ಲೈ 12, ರೀಪರ್ 25, ಒಟ್ಟು 37. ಹಾಗಾಗಿ ಮೊನೆ ಮರದೊಳಗೇ ಉಳಿಯುತ್ತದೆ. ಡ್ರಿಲ್ ಬಿಟ್‌ಗೂ ಅಷ್ಟೇ ಆಳಕ್ಕೆ ಟೇಪ್ ಸುತ್ತಿದೆ. ಆದರೂ ಭಾವ ಸಹಾಯ ಮಾಡುತ್ತೇನೆ ಅಂತ ಬೇರೆ ಡಬ್ಬಿಯಿಂದ 50ರ ಒಂದು ಸ್ಕ್ರೂ ಕೊಟ್ಟಿದ್ದರು. ಪೂರ್ತಿ ಇಳಿದ ಮೇಲೆ ಗೊತ್ತಾಯಿತು. ಬಿಚ್ಚಿ, ಟಾರ್ಚ್ ಬಿಟ್ಟು ಕೆಳಗೆ ನೋಡಿದೆ. ತಳ ಮುಟ್ಟಿರಲಿಲ್ಲ, ಸುಮಾರು ಒಂದು ಬೆರಳಿನ ಅಂತರ ಇತ್ತು. ಆಮೇಲೆ ಡಬ್ಬಿ ನನ್ನ ಜೇಬಿನಲ್ಲಿ.

ತಾತನ ಮಾತು ತಲೆಯಲ್ಲೇ ಇತ್ತು. ನೆಲದ ಹಿಂದಿನ ಮೂಲೆಯಲ್ಲಿ, ನೀರು ಬಂದು ನಿಲ್ಲುವ ಕಡೆ, ಒಂದು ತೂತು ಮಾಡಿ ನಾಲ್ಕು ಇಂಚಿನ ಪಿವಿಸಿ ಪೈಪಿನ ತಿರುಗಿಸುವ ಮುಚ್ಚಳ ಹಾಕಿದೆ. ಕೈ ಹಾಕಿ ನೋಡಬಹುದು.

ಸ್ಕೀ ಕಂಬ ಹಾಕಲಿಲ್ಲ. ಅದರ ಜಾಗದಲ್ಲಿ ಈಗ ಬರೀ ಪ್ಲೈ. ಅಲ್ಲಿ ಕೆಂಪು ಪೇಂಟಲ್ಲಿ ಬರೆದೆ: “ತಾತ್ಕಾಲಿಕ. ಸಂಕ್ರಾಂತಿವರೆಗೆ. 2 ಜನ.” ಭಾವ ಅದರ ಮೇಲೆ ಮ್ಯಾಟ್ ಹಾಸಲು ಬಂದರು. ಮ್ಯಾಟ್ ಹಾಸಿದರೆ ಮರ ಒಣಗಲ್ಲ ಅಂದೆ. ಅದೂ ನಿಜವೇ. ಆದರೆ ಅಕ್ಷರ ಕಾಣಲಿ ಅನ್ನೋದೇ ದೊಡ್ಡ ಕಾರಣ.

ಒಟ್ಟು ಖರ್ಚು 7,400 ರೂಪಾಯಿ, ಕೋಳಿ ಗೂಡಿನ ಬಾಗಿಲು ಬಿಟ್ಟು.

ಹಬ್ಬಕ್ಕೆ ನಾಲ್ಕು ದಿನ ಮೊದಲು ಹಿನ್ನೀರಿಗೆ ಇಳಿಸಿದೆವು. ಲೈಫ್ ಜಾಕೆಟ್ ಹಾಕಿ ನಾವಿಬ್ಬರೇ. ದಡದ ಹತ್ತಿರವೇ, ನಿಧಾನವಾಗಿ, ಮುಕ್ಕಾಲು ಗಂಟೆ. ನಾನು ಮೊಣಕಾಲೂರಿ ಕೂತು ನೆಲದ ಮೇಲೆ ಅಂಗೈ ಇಟ್ಟುಕೊಂಡಿದ್ದೆ. ಅಲೆ ಹೊಡೆದಾಗ ಹಳೇ ನೆಲವೂ ಹೊಸ ತುಂಡೂ ಒಟ್ಟಿಗೆ ಅದುರುತ್ತಿದ್ದವು, ಬೇರೆ ಬೇರೆಯಾಗಿ ಅಲ್ಲ. ದಡಕ್ಕೆ ಬಂದು ಮುಚ್ಚಳ ತಿರುಗಿಸಿ ಹಳೇ ಪೇಪರ್ ಮಡಚಿ ಒರೆಸಿದೆ. ಎರಡು ಚಮಚದಷ್ಟು ನೀರು. ಎಲ್ಲಿಂದ ಅಂತ ಹುಡುಕಿದರೆ ಮುಂದಿನ ಗಾಜಿನ ಚೌಕಟ್ಟಿನ ಒಂದು ಸ್ಕ್ರೂ ಸಡಿಲ. ಅಲ್ಲಿಗೂ ಬ್ಯೂಟೈಲ್ ಟೇಪ್ ಹೋಯಿತು.

“ಗಟ್ಟಿ ಇದೆಯಲ್ಲೋ” ಅಂದರು ಭಾವ, ನೆಲವನ್ನು ಹಿಮ್ಮಡಿಯಲ್ಲಿ ಗುದ್ದಿ. “ಕಂಬ ಹಾಕಿ ಒಂದೇ ಒಂದು ರೌಂಡ್?”

ಕಂಬ ಅವತ್ತೇ ನನ್ನ ಕಾರಿನಲ್ಲಿ ಮೈಸೂರಿಗೆ ಬಂತು. ನಮ್ಮ ಮನೆ ಅಟ್ಟದ ಮೇಲೆ, ಗೌರಿ ಹಬ್ಬದ ಬಾಗಿನದ ಮೊರಗಳ ಹಿಂದೆ ಮಲಗಿದೆ. ಭಾವ ಫೋನ್ ಮಾಡಿದಾಗಲೆಲ್ಲ ಮೊದಲು ಅದರ ಆರೋಗ್ಯ ವಿಚಾರಿಸುತ್ತಾರೆ.